ವಿದೇಶಿ ಪ್ರವಾಸಿಗರ ಲೆಕ್ಕ: ಬಂದವರೆಷ್ಟು, ತಂಗಿದವರೆಷ್ಟು?

ಪ್ರತಿ ವರ್ಷ ಸೆಪ್ಟೆಂಬರ್ 27ರಂದು ವಿಶ್ವ ಪ್ರವಾಸೋದ್ಯಮ ದಿನ ಬರುತ್ತದೆ. ಅಂದು ವ್ಯಾಟಿಕನ್ನಿನಿಂದ ಒಂದು ಸಂದೇಶ, ಸರಕಾರದಿಂದ ಒಂದಷ್ಟು ಅಂಕಿಅಂಶ, ಪತ್ರಿಕೆಗಳಲ್ಲಿ ಒಂದೆರಡು ಲೇಖನ. ಅಲ್ಲಿಗೆ ಆ ವಿಷಯ ಮುಗಿಯುತ್ತದೆ. ಆದರೆ ನಮ್ಮ ದೇಶಕ್ಕೆ ಯಾರು ಬರುತ್ತಿದ್ದಾರೆ, ಯಾಕೆ ಬರುತ್ತಿದ್ದಾರೆ, ಯಾಕೆ ಬರುತ್ತಿಲ್ಲ ಎಂಬ ಪ್ರಶ್ನೆ ಹೋಟೆಲ್ ಮಾಲೀಕರಿಗೆ ಮಾತ್ರ ಸೇರಿದ್ದಲ್ಲ. ಕರಾವಳಿಯ ಪ್ರತಿ ಧರ್ಮಕೇಂದ್ರದಲ್ಲೂ ಕೊಲ್ಲಿ ರಾಷ್ಟ್ರಗಳಲ್ಲಿ, ಕೆನಡಾದಲ್ಲಿ, ಇಂಗ್ಲೆಂಡಿನಲ್ಲಿ ಮಕ್ಕಳಿರುವ ಮನೆಗಳಿವೆ. ಟ್ಯಾಕ್ಸಿ ಓಡಿಸುವವರು, ಗೈಡ್‌ಗಳು, ಹೋಟೆಲಿನಲ್ಲಿ ದುಡಿಯುವ ಯುವಕ ಯುವತಿಯರು ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಇದಕ್ಕಾಗಿ ಕರಾವಳಿಯ ಜತೆಗೆ ಘಟ್ಟದ ಮೇಲಿನ ಒಂದು ಊರನ್ನೂ ನಾವು ಆರಿಸಿಕೊಂಡಿದ್ದೇವೆ. ಅದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಹೊರಗಿನವರು ಈ ಹೆಸರನ್ನು ಕೇಳಿದ್ದರೆ ಅದು ಹನಿ ನೀರಾವರಿ ಯೋಜನೆಯ ಸುದ್ದಿಯಲ್ಲಿ. ಪ್ರವಾಸಿ ಕೈಪಿಡಿಗಳಲ್ಲಿ ಈ ಊರಿಗೆ ಜಾಗವಿಲ್ಲ. ಆದರೆ ಅದು ಇರುವ ಸೀಮೆಯ ಸುತ್ತ ಏನೇನಿದೆ ನೋಡಿ: ಒಂದು ಕಡೆ ಸೋಮನಾಥಪುರ, ಇನ್ನೊಂದು ಕಡೆ ತಲಕಾಡು, ಮತ್ತೊಂದು ಕಡೆ ಶಿವನಸಮುದ್ರ. ಪ್ರಪಂಚವೇ ಬಂದು ನೋಡುವ ಸ್ಥಳಗಳ ನಡುವೆ ಇದ್ದೂ ಪ್ರಪಂಚದ ಕಣ್ಣಿಗೆ ಬೀಳದ ಊರು ಅದು. ಪ್ರವಾಸಿಗರ ಲೆಕ್ಕ ಹಳ್ಳಿಯವರಿಗೆ ಏನು ತಂದುಕೊಟ್ಟಿದೆ ಎಂದು ಅಳೆಯಲು ಇಂಥ ಊರೇ ಸರಿಯಾದ ಸ್ಥಳ.

ಇಪ್ಪತ್ತೈದು ವರ್ಷಗಳ ಏರಿಳಿತ

ಮೊದಲು ಅಂಕಿಅಂಶ. 2000ದಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 26.5 ಲಕ್ಷ. 2001ರ ಸೆಪ್ಟೆಂಬರ್ 11ರ ಅಮೆರಿಕದ ದಾಳಿ, ಅದೇ ಡಿಸೆಂಬರಿನಲ್ಲಿ ನಮ್ಮ ಸಂಸತ್ತಿನ ಮೇಲಾದ ದಾಳಿ, ಆಮೇಲೆ ಗಡಿಯಲ್ಲಿ ಸೇನೆಗಳು ಎದುರುಬದುರಾಗಿ ನಿಂತದ್ದು, ಇವೆಲ್ಲದರ ಫಲವಾಗಿ 2002ರಲ್ಲಿ ಈ ಸಂಖ್ಯೆ 23.8 ಲಕ್ಷಕ್ಕೆ ಇಳಿಯಿತು. ಆ ವರ್ಷವೇ ಕೇಂದ್ರ ಸರಕಾರ 'ಇನ್‌ಕ್ರೆಡಿಬಲ್ ಇಂಡಿಯಾ' ಪ್ರಚಾರವನ್ನು ಆರಂಭಿಸಿತು. ಗಡಿಯ ಬಿಸಿ ಆರಿತು, ವಿಮಾನಗಳು ಹೆಚ್ಚಿದವು, ಮಾಹಿತಿ ತಂತ್ರಜ್ಞಾನದ ಬೆಳವಣಿಗೆಯಿಂದ ವ್ಯವಹಾರಕ್ಕಾಗಿ ಬರುವವರೂ ಹೆಚ್ಚಿದರು. 2004ರಲ್ಲಿ 34.6 ಲಕ್ಷ, 2007ರಲ್ಲಿ 50.8 ಲಕ್ಷ ಮಂದಿ ಬಂದರು. ಐದು ವರ್ಷಗಳಲ್ಲಿ ಸಂಖ್ಯೆ ಇಮ್ಮಡಿಗಿಂತ ಹೆಚ್ಚಾಯಿತು.

2008ರ ನವೆಂಬರ್ 26ರ ಮುಂಬಯಿ ದಾಳಿ ಮತ್ತು ಅದೇ ಹೊತ್ತಿನ ಜಾಗತಿಕ ಆರ್ಥಿಕ ಕುಸಿತದಿಂದಾಗಿ 2009ರಲ್ಲಿ ಮತ್ತೆ ಸಣ್ಣ ಇಳಿಕೆ ಕಂಡಿತು. ಆದರೆ 2010ರಲ್ಲೇ 57.8 ಲಕ್ಷ ಮಂದಿ ಬಂದರು. 2014ರ ನವೆಂಬರ್ 27ರಂದು ಆನ್‌ಲೈನ್ ಮೂಲಕ ವೀಸಾ ಕೊಡುವ ವ್ಯವಸ್ಥೆ 43 ದೇಶಗಳಿಗೆ ಜಾರಿಗೆ ಬಂತು. ರಾಯಭಾರ ಕಚೇರಿಯ ಬಾಗಿಲಲ್ಲಿ ಸಾಲು ನಿಲ್ಲುವುದು ತಪ್ಪಿತು. ಮುಂದೆ ಈ ಸೌಲಭ್ಯ ಇನ್ನೂ ಅನೇಕ ದೇಶಗಳಿಗೆ ವಿಸ್ತರಿಸಿತು. 2017ರಲ್ಲಿ ಮೊದಲ ಬಾರಿಗೆ ಸಂಖ್ಯೆ ಒಂದು ಕೋಟಿ ದಾಟಿತು. 2019ರಲ್ಲಿ 109.3 ಲಕ್ಷ ಆಯಿತು.

ಆಮೇಲೆ ಕೋವಿಡ್ ಬಂತು. 2020ರಲ್ಲಿ 27.4 ಲಕ್ಷ, 2021ರಲ್ಲಿ 15 ಲಕ್ಷ ಚಿಲ್ಲರೆ. ಇಪ್ಪತ್ತು ವರ್ಷಗಳಲ್ಲಿ ಏರಿದ್ದೆಲ್ಲ ಎರಡು ವರ್ಷಗಳಲ್ಲಿ ಇಳಿದುಹೋಯಿತು. ನಿಯಮಿತ ಅಂತಾರಾಷ್ಟ್ರೀಯ ವಿಮಾನಗಳು ಮರಳಿದ್ದು 2022ರ ಮಾರ್ಚ್ 27ರಂದು. ಆ ವರ್ಷ 64 ಲಕ್ಷ, 2023ರಲ್ಲಿ 95.2 ಲಕ್ಷ, 2024ರಲ್ಲಿ 99.5 ಲಕ್ಷ ಮಂದಿ ಬಂದರು. ಅಂದರೆ ಐದು ವರ್ಷ ಕಳೆದ ಮೇಲೂ 2019ರ ಮಟ್ಟವನ್ನು ನಾವು ಮುಟ್ಟಿರಲಿಲ್ಲ. ಅದೇ 2024ರಲ್ಲಿ ಜಗತ್ತಿನ ಒಟ್ಟು ಪ್ರವಾಸಿಗರ ಸಂಖ್ಯೆ ಕೋವಿಡ್ ಪೂರ್ವದ ಮಟ್ಟಕ್ಕೆ ಹೆಚ್ಚುಕಡಿಮೆ ಮರಳಿತ್ತು. ಪುಟ್ಟ ವಿಯೆಟ್ನಾಂ 175 ಲಕ್ಷಕ್ಕೂ ಹೆಚ್ಚು, ಥಾಯ್ಲೆಂಡ್ ಸುಮಾರು 355 ಲಕ್ಷ ವಿದೇಶಿಯರನ್ನು ಬರಮಾಡಿಕೊಂಡವು. ಅದೇ ವರ್ಷ ನಮ್ಮ ದೇಶದಿಂದ ಹೊರಗೆ ಹೋದವರು 3 ಕೋಟಿ ದಾಟಿದರು. ಒಬ್ಬ ವಿದೇಶಿ ಪ್ರವಾಸಿ ಇಲ್ಲಿಗೆ ಬಂದರೆ ಮೂವರು ಭಾರತೀಯರು ಹೊರಗೆ ಹೋದರು ಎಂದಾಯಿತು.

ಬಂದವರು ಯಾರು?

ಸರಕಾರದ ಪ್ರಕಟಣೆಗಳಲ್ಲಿ ಇನ್ನೊಂದು ದೊಡ್ಡ ಸಂಖ್ಯೆ ಕಾಣಿಸುತ್ತದೆ. 2024ರಲ್ಲಿ ಭಾರತಕ್ಕೆ ಬಂದ ಅಂತಾರಾಷ್ಟ್ರೀಯ ಪ್ರವಾಸಿಗರು 2 ಕೋಟಿಗೂ ಹೆಚ್ಚು ಎಂಬುದೇ ಅದು. ಅದು ಸುಳ್ಳಲ್ಲ, ಆದರೆ ಅದನ್ನು ಓದುವ ಕ್ರಮ ತಿಳಿದಿರಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 106 ಲಕ್ಷ ಮಂದಿ, ಭಾರತದ ಪಾಸ್‌ಪೋರ್ಟ್ ಹಿಡಿದು ಊರಿಗೆ ಬಂದ ಅನಿವಾಸಿಗಳು. 2019ರಲ್ಲಿ ಇವರು ಸುಮಾರು 70 ಲಕ್ಷ ಇದ್ದರು. ವಿದೇಶಿಯರು ಕಡಿಮೆಯಾದರೂ ಒಟ್ಟು ಸಂಖ್ಯೆ ಏರಿದ್ದು ಇವರಿಂದ.

ಕರಾವಳಿಯವರಿಗೆ ಇದು ಹೊಸ ವಿಷಯವಲ್ಲ. ದುಬಾಯಿಯಲ್ಲಿ ದುಡಿಯುವ ಅಣ್ಣ ತಂಗಿಯ ರೋಸ್‌ಗೆ, ಮದುವೆಗೆ ಬಂದರೆ ಆತ ಅನಿವಾಸಿಗಳ ಪಟ್ಟಿಯಲ್ಲಿ ಸೇರುತ್ತಾನೆ. ಟೊರಾಂಟೊದಲ್ಲಿ ಹುಟ್ಟಿ ಕೆನಡಾದ ಪಾಸ್‌ಪೋರ್ಟ್ ಇರುವ ಮೊಮ್ಮಗಳು ಅತ್ತೂರು ಜಾತ್ರೆಗೆಂದು ಬಂದರೆ ಆಕೆ ವಿದೇಶಿ ಪ್ರವಾಸಿ. ಇಬ್ಬರೂ ಇಳಿಯುವುದು ಒಂದೇ ಅಂಗಳಕ್ಕೆ, ಉಣ್ಣುವುದು ಒಂದೇ ಸಣ್ಣ ಪೋಳಿ. ವಿದೇಶಿ ಪ್ರವಾಸಿಗರೆಂದು ಎಣಿಕೆಯಾದವರಲ್ಲೂ ಸುಮಾರು ಕಾಲು ಭಾಗದಷ್ಟು ಮಂದಿ ಭಾರತೀಯ ಮೂಲದವರಾಗಿ ಬಂಧುಬಳಗವನ್ನು ನೋಡಲು ಬರುವವರೇ ಎಂದು 2023ರ ಸರಕಾರಿ ವಿವರಗಳು ತೋರಿಸುತ್ತವೆ. ವಿರಾಮಕ್ಕಾಗಿ, ನೋಡುವುದಕ್ಕಾಗಿ ಬಂದವರು ಸುಮಾರು ಅರ್ಧ.

ಇನ್ನೊಂದು ಗುಂಪು ನೆರೆಯ ಬಾಂಗ್ಲಾದೇಶದವರದು. 2023ರಲ್ಲಿ ಭಾರತಕ್ಕೆ ಬಂದ ವಿದೇಶಿಯರಲ್ಲಿ ಐವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಅಲ್ಲಿಯವರು. ಚಿಕಿತ್ಸೆಗೆ, ಬಟ್ಟೆಬರೆ ಖರೀದಿಗೆ, ಬಂಧುಗಳನ್ನು ಕಾಣಲಿಕ್ಕೆ ಅವರು ಬರುತ್ತಿದ್ದರು. 2024ರ ಆಗಸ್ಟಿನಲ್ಲಿ ಅಲ್ಲಿನ ಸರಕಾರ ಬಿದ್ದ ಬಳಿಕ ಭಾರತ ಅಲ್ಲಿ ವೀಸಾ ಕೊಡುವುದನ್ನು ಬಹುಮಟ್ಟಿಗೆ ಕಡಿಮೆ ಮಾಡಿತು. ಮೊದಲ ಸ್ಥಾನ ಅಮೆರಿಕಕ್ಕೆ ಹೋಯಿತು. ಢಾಕಾದ ಬೀದಿಯಲ್ಲಿ ನಡೆದದ್ದರ ಬಿಸಿ ಕೋಲ್ಕತ್ತದ ಆಸ್ಪತ್ರೆ, ಬೆಂಗಳೂರಿನ ವಸತಿಗೃಹಗಳಿಗೂ ತಟ್ಟಿತು.

ಬಾರದಿರಲು ಕಾರಣಗಳೇನು?

ಒಂದೇ ಕಾರಣವೆಂದು ಬೆರಳು ತೋರಿಸುವುದು ಸುಲಭ, ಆದರೆ ಅದು ಸರಿಯಲ್ಲ. ನಾವು ಕಾಣುವಂತೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದು ದೇಶದೇಶಗಳ ನಡುವಿನ ಮನಸ್ತಾಪ. 2019ರಲ್ಲಿ ಚೀನಾದಿಂದ 3 ಲಕ್ಷಕ್ಕೂ ಹೆಚ್ಚು ಮಂದಿ ಬಂದಿದ್ದರು. 2020ರಲ್ಲಿ ನಿಂತ ಅವರ ಪ್ರವಾಸಿ ವೀಸಾ ಮತ್ತೆ ಆರಂಭವಾದದ್ದು 2025ರ ಜುಲೈಯಲ್ಲಿ. ಕೆನಡಾದೊಂದಿಗೆ ಜಗಳವಾದಾಗ 2023ರ ಸೆಪ್ಟೆಂಬರಿನಲ್ಲಿ ವೀಸಾ ನಿಂತಿತು, ಇ-ವೀಸಾ ಮರಳಿದ್ದು ನವೆಂಬರಿನಲ್ಲಿ. ಬ್ರಿಟನ್ನಿನವರಿಗೆ ಕೋವಿಡ್ ಬಳಿಕ ಇ-ವೀಸಾ ಮತ್ತೆ ಸಿಕ್ಕಿದ್ದು 2022ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಒಂದು ಚಳಿಗಾಲದ ಪ್ರವಾಸ ಕಾಲವೇ ಅರ್ಧ ಮುಗಿದಿತ್ತು.

ಎರಡನೆಯದು ಪ್ರಚಾರದ ಕೊರತೆ. ಹೊರದೇಶಗಳಲ್ಲಿದ್ದ ನಮ್ಮ ಪ್ರವಾಸೋದ್ಯಮ ಕಚೇರಿಗಳನ್ನು 2023ರಲ್ಲಿ ಮುಚ್ಚಲಾಯಿತು. ವಿದೇಶಿ ಪ್ರಚಾರಕ್ಕಾಗಿ ಕೇಂದ್ರ ಬಜೆಟ್ಟಿನಲ್ಲಿ 2024-25ಕ್ಕೆ 33 ಕೋಟಿ ರೂಪಾಯಿ ಇಟ್ಟಿದ್ದರೆ, 2025-26ಕ್ಕೆ ಇಟ್ಟದ್ದು ಸುಮಾರು 3 ಕೋಟಿ ಮಾತ್ರ. ನೆರೆಯ ದೇಶಗಳು ವೀಸಾವನ್ನೇ ಮನ್ನಾ ಮಾಡಿ ಜನರನ್ನು ಕರೆಯುತ್ತಿರುವಾಗ ನಾವು ಕರೆಯುವ ದನಿಯನ್ನೇ ತಗ್ಗಿಸಿದೆವು.

ಮೂರನೆಯದು ಖರ್ಚು. ದೊಡ್ಡ ನಗರಗಳಲ್ಲಿ ಹೋಟೆಲ್ ಬಾಡಿಗೆ ಏರಿದೆ. ಪುರಾತತ್ವ ಇಲಾಖೆಯ ಮೊದಲ ದರ್ಜೆಯ ಸ್ಮಾರಕಗಳಲ್ಲಿ 2018ರಿಂದ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ. ಹಣವಂತ ದೇಶದಿಂದ ಬಂದವರಿಗೆ ಇದು ಹೊರೆಯಲ್ಲ ಎನ್ನಬಹುದು. ಆದರೆ ಆ ಹಣಕ್ಕೆ ತಕ್ಕ ಶೌಚಾಲಯ, ಕುಡಿಯುವ ನೀರು, ಒಳ್ಳೆಯ ಮಾಹಿತಿ ಫಲಕ ಸಿಗಬೇಕೆಂದು ಅವರು ಕೇಳಿದರೆ ಅದು ತಪ್ಪಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ಭಾರವಾದದ್ದು, ಸುರಕ್ಷತೆ. 2025ರ ಮಾರ್ಚ್ 6ರ ರಾತ್ರಿ ಹಂಪಿಯ ಸಮೀಪದ ಸಾಣಾಪುರದಲ್ಲಿ ಇಸ್ರೇಲಿನ ಮಹಿಳೆಯೊಬ್ಬರ ಮೇಲೂ ಅವರಿಗೆ ಆತಿಥ್ಯ ನೀಡಿದ್ದ ಮಹಿಳೆಯ ಮೇಲೂ ಅತ್ಯಾಚಾರ ನಡೆಯಿತು. ಜತೆಗಿದ್ದ ಪುರುಷರನ್ನು ಕಾಲುವೆಗೆ ತಳ್ಳಲಾಯಿತು, ಒಡಿಶಾದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಅದರ ಮರುತಿಂಗಳು, ಏಪ್ರಿಲ್ 22ರಂದು, ಪಹಲ್ಗಾಮಿನಲ್ಲಿ ಉಗ್ರರ ಗುಂಡಿಗೆ 26 ಜನ ಬಲಿಯಾದರು. ಇಂಥ ಸುದ್ದಿ ಒಂದೇ ದಿನದಲ್ಲಿ ಲೋಕವನ್ನೆಲ್ಲ ಸುತ್ತುತ್ತದೆ. ಹತ್ತು ವರ್ಷದ ಜಾಹೀರಾತು ಕಟ್ಟಿದ್ದನ್ನು ಅದು ಒಂದು ರಾತ್ರಿಯಲ್ಲಿ ಕೆಡಹುತ್ತದೆ.

ನಮ್ಮ ನೆರೆಯ ಶ್ರೀಲಂಕಾದ ಕಥೆಯೂ ಇದನ್ನೇ ಹೇಳುತ್ತದೆ. 2019ರ ಏಪ್ರಿಲ್ 21ರ ಪಾಸ್ಖ ಭಾನುವಾರ ಕೊಚ್ಚಿಕಡೆಯ ಸಂತ ಅಂತೋನಿ ಪುಣ್ಯಕ್ಷೇತ್ರ, ಕಟುವಪಿಟಿಯದ ಸಂತ ಸೆಬಾಸ್ಟಿಯನ್ ದೇವಾಲಯ ಮೊದಲಾದೆಡೆ ಬಾಂಬ್ ಸಿಡಿದು ನೂರಾರು ವಿಶ್ವಾಸಿಗಳು ಮಡಿದರು. 2018ರಲ್ಲಿ 23 ಲಕ್ಷ ಇದ್ದ ಪ್ರವಾಸಿಗರು ಆ ವರ್ಷ 19 ಲಕ್ಷಕ್ಕೆ ಇಳಿದರು. ಆಮೇಲೆ ಕೋವಿಡ್, ಆಮೇಲೆ 2022ರ ಆರ್ಥಿಕ ದಿವಾಳಿ. ಇಷ್ಟೆಲ್ಲ ಆದರೂ 2024ರಲ್ಲಿ ಆ ಪುಟ್ಟ ದ್ವೀಪಕ್ಕೆ ಮತ್ತೆ 20 ಲಕ್ಷಕ್ಕೂ ಹೆಚ್ಚು ಜನ ಬಂದರು. ನಂಬಿಕೆ ಬೇಗ ಮುರಿಯುತ್ತದೆ. ಪಟ್ಟು ಹಿಡಿದು ಕೆಲಸ ಮಾಡಿದರೆ ನಿಧಾನವಾಗಿ ಮರಳುತ್ತದೆ.

ಪೂರಿಗಾಲಿಗೆ ಬಂದದ್ದೇನು?

ಈಗ ಪೂರಿಗಾಲಿಯ ಕಡೆಗೆ ಬರೋಣ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜತೆ ಸೋಮನಾಥಪುರದ ಕೇಶವ ದೇವಾಲಯವನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ ಅದು. ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಜಲಪಾತಗಳನ್ನು ಬ್ರಿಟಿಷರ ಕಾಲದಿಂದಲೂ ವಿದೇಶಿಯರು ನೋಡಲು ಬರುತ್ತಿದ್ದಾರೆ. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಮರಳಿನಲ್ಲಿ ಮುಚ್ಚಿಹೋದ ಗುಡಿಗಳ ತಲಕಾಡು ಹೊಳೆಯ ದಡದಲ್ಲಿದೆ.

ಆದರೆ ಸಾಮಾನ್ಯವಾಗಿ ವಿದೇಶಿ ಪ್ರವಾಸಿ ಮೈಸೂರಿನ ಹೋಟೆಲಿನಿಂದ ಬೆಳಿಗ್ಗೆ ಹೊರಟು, ಸೋಮನಾಥಪುರದಲ್ಲಿ ಒಂದೆರಡು ಗಂಟೆ ಕಳೆದು, ಮೈಸೂರಿಗೋ ಬೆಂಗಳೂರಿಗೋ ಮರಳುತ್ತಾನೆ. ಟಿಕೆಟಿನ ಹಣ ಕೇಂದ್ರದ ಬೊಕ್ಕಸಕ್ಕೆ, ಕೋಣೆಯ ಹಣ ಮೈಸೂರಿಗೆ, ಕಾರಿನ ಹಣ ಬೆಂಗಳೂರಿನ ಕಂಪನಿಗೆ. ಸುತ್ತಲಿನ ಹಳ್ಳಿಗೆ ಉಳಿಯುವುದು ಎಳನೀರಿನ ಹಣ, ಹೆಚ್ಚೆಂದರೆ ಒಂದು ಊಟದ ಹಣ. ಭತ್ತ, ಕಬ್ಬು, ರೇಷ್ಮೆ ಬೆಳೆಯುವ, ರಾಗಿ ಮುದ್ದೆ ಉಣ್ಣುವ ಮಳವಳ್ಳಿ ಸೀಮೆಯ ಬದುಕನ್ನು ನೋಡಲು, ರುಚಿಸಲು ಅವನಿಗೆ ಅವಕಾಶವೂ ಇಲ್ಲ, ಹೇಳುವವರೂ ಇಲ್ಲ.

ಹೆದ್ದಾರಿಯ ಬದಿಯ ಊರುಗಳ ಸ್ಥಿತಿಯೂ ಬದಲಾಗಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಮದ್ದೂರು, ಮಂಡ್ಯಗಳನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಪ್ರಯಾಣದ ಹೊತ್ತು ಉಳಿಯಿತು, ನಿಜ. ಆದರೆ ಮದ್ದೂರು ವಡೆಯ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. ಬೇಗ ತಲುಪಿಸುವ ರಸ್ತೆ ನಡುವಿನ ಊರನ್ನು ಬಡವಾಗಿಸಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ಕರಾವಳಿಯಲ್ಲೂ ನಾವು ಇದನ್ನೇ ಕಾಣುತ್ತೇವೆ. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ವಿಹಾರ ನೌಕೆಗಳು ಬರುತ್ತವೆ. ಪ್ರವಾಸಿಗರು ಬಸ್ಸಿನಲ್ಲಿ ನಗರ ಸುತ್ತುತ್ತಾರೆ, ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ ಚಿತ್ರಗಳನ್ನು ಬರೆದ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ನೋಡುತ್ತಾರೆ, ಕದ್ರಿ, ಕುದ್ರೋಳಿ ದೇವಸ್ಥಾನಗಳಿಗೆ ಹೋಗುತ್ತಾರೆ, ಸಂಜೆಗೆ ನೌಕೆಗೆ ಮರಳುತ್ತಾರೆ. ರಾತ್ರಿ ತಂಗದವರನ್ನು ಅಂತಾರಾಷ್ಟ್ರೀಯ ವ್ಯಾಖ್ಯೆಯ ಪ್ರಕಾರ ಪ್ರವಾಸಿ ಎನ್ನುವುದಿಲ್ಲ, ದಿನದ ಸಂದರ್ಶಕ ಎನ್ನುತ್ತಾರೆ. ಮಂಗಳೂರಿನ ಬಂದರಿಗೂ ಮಳವಳ್ಳಿಯ ಹಳ್ಳಿಗೂ ಇರುವ ಸಮಸ್ಯೆ ಒಂದೇ: ಜನ ಬರುತ್ತಾರೆ, ತಂಗುವುದಿಲ್ಲ.

ಹಣದ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಪ್ರವಾಸೋದ್ಯಮದಿಂದ 2019ರಲ್ಲಿ ಸುಮಾರು 2.11 ಲಕ್ಷ ಕೋಟಿ ರೂಪಾಯಿಯ ವಿದೇಶಿ ವಿನಿಮಯ ಬಂತು, 2023ರಲ್ಲಿ ಸುಮಾರು 2.31 ಲಕ್ಷ ಕೋಟಿ. ರೂಪಾಯಿಯಲ್ಲಿ ಏರಿಕೆ. ಡಾಲರಿನಲ್ಲಿ ನೋಡಿದರೆ 3,000 ಕೋಟಿಯಿಂದ 2,800 ಕೋಟಿಗೆ ಇಳಿಕೆ. ರೂಪಾಯಿಯ ಬೆಲೆ ಕುಸಿದದ್ದರಿಂದ ಕಂಡ ಏರಿಕೆಯನ್ನು ಸಾಧನೆ ಎಂದು ಹೇಳಿಕೊಳ್ಳುವುದು ಸರಿಯಲ್ಲ.

ಮಂಡ್ಯದ ನೆಲ ಮತ್ತು ನಾವು

ಮಂಡ್ಯ ಜಿಲ್ಲೆ ಕರಾವಳಿಯ ಕ್ರೈಸ್ತರಿಗೆ ಅಪರಿಚಿತ ನೆಲವಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಸೈನ್ಯ ನಮ್ಮ ಪೂರ್ವಜರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಒಯ್ದದ್ದು ಶ್ರೀರಂಗಪಟ್ಟಣಕ್ಕೆ. 1799ರಲ್ಲಿ ಬಿಡುಗಡೆಯಾಗಿ ಉಳಿದವರು ಮರಳಿದರು. ಅದೇ ವರ್ಷ ಫ್ರಾನ್ಸಿನ ಧರ್ಮಗುರು ಅಬ್ಬೆ ದ್ಯುಬುವಾ ಅಲ್ಲಿಗೆ ಬಂದು ಚದುರಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಒಟ್ಟುಗೂಡಿಸಿದರು, ಸಿಡುಬಿನ ಲಸಿಕೆಯನ್ನು ಜನರಲ್ಲಿ ಹರಡಲು ದುಡಿದರು. ಗಂಜಾಮಿನಲ್ಲಿ ಅವರ ಕಾಲದ ದೇವಾಲಯ ಇಂದಿಗೂ ಇದೆ. ಹೊರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ರಜೆಗೆ ಬಂದಾಗ ಮೈಸೂರು ಅರಮನೆಯ ದೀಪ ನೋಡಿ ಮರಳುತ್ತಾರೆ. ಅದರೊಂದಿಗೆ ಶ್ರೀರಂಗಪಟ್ಟಣ, ಗಂಜಾಂ, ಸೋಮನಾಥಪುರಗಳನ್ನು ನಿಧಾನವಾಗಿ ನೋಡಿ, ದಾರಿಯ ಹಳ್ಳಿಗಳಲ್ಲಿ ಉಂಡು, ಒಂದು ರಾತ್ರಿ ತಂಗಿದರೆ ಅವರಿಗೂ ಒಳ್ಳೆಯದು, ಆ ಊರುಗಳಿಗೂ ಒಳ್ಳೆಯದು. ಅನಿವಾಸಿಗಳ ಸಂಖ್ಯೆಯೇ ವಿದೇಶಿಯರಿಗಿಂತ ಹೆಚ್ಚಾಗಿರುವಾಗ ಈ ಬದಲಾವಣೆಯನ್ನು ತರಲು ನಾವು ದಿಲ್ಲಿಯ ಅಪ್ಪಣೆಗೆ ಕಾಯಬೇಕಾಗಿಲ್ಲ.

ಧರ್ಮಕೇಂದ್ರಗಳು ಗಮನಿಸಬೇಕಾದದ್ದು

ಧರ್ಮಕೇಂದ್ರಗಳಲ್ಲಿ, ಧ್ಯಾನಕೇಂದ್ರಗಳಲ್ಲಿ ದುಡಿಯುವವರಿಗೆ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳಲೇಬೇಕು.

ವಿದೇಶಿ ಪಾಸ್‌ಪೋರ್ಟ್ ಇರುವವರನ್ನು ತಂಗಿಸಿಕೊಂಡವರು 24 ಗಂಟೆಯೊಳಗೆ ಆನ್‌ಲೈನ್ ಮೂಲಕ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸಬೇಕು. ಕಾನ್ವೆಂಟು, ಧ್ಯಾನಕೇಂದ್ರ, ಹಾಸ್ಟೆಲುಗಳು ಇದನ್ನು ಹೋಟೆಲುಗಳ ಕೆಲಸವೆಂದು ಬಿಡಬಾರದು.

ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರದ ಕೆಲಸ ಮಾಡುವಂತಿಲ್ಲ. ಅದಕ್ಕೆ ಬೇರೆಯೇ ವೀಸಾ ಇದೆ. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಇರುವವರೂ ಇಂಥ ಕೆಲಸಕ್ಕೆ ವಿಶೇಷ ಅನುಮತಿ ಪಡೆಯಬೇಕೆಂದು 2021ರ ಮಾರ್ಚಿನ ಕೇಂದ್ರ ಅಧಿಸೂಚನೆ ಹೇಳುತ್ತದೆ. ಪ್ರೀತಿಯಿಂದ ಕರೆದ ಅತಿಥಿ ಧರ್ಮಗುರುಗಳನ್ನು ತಿಳಿಯದೆ ತೊಂದರೆಗೆ ಸಿಕ್ಕಿಸುವುದು ಆತಿಥ್ಯವಲ್ಲ. ಅನುಮಾನವಿದ್ದಲ್ಲಿ ಮೊದಲೇ ಧರ್ಮಪ್ರಾಂತ್ಯದ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ನಮ್ಮ ಅನಾಥಾಲಯ, ಬೋರ್ಡಿಂಗ್‌ಗಳಿಗೆ ವಿದೇಶಿ ಸಂದರ್ಶಕರು ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುವ ವಾಡಿಕೆ ನಿಲ್ಲಬೇಕು. ರಕ್ಷಣೆಯಲ್ಲಿರುವ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯಿದೆ ನಿಷೇಧಿಸುತ್ತದೆ. ಮಕ್ಕಳ ಮಾನ ದೇಣಿಗೆಗಿಂತ ದೊಡ್ಡದು.

ಇನ್ನು ಸುಲಭವಾಗಿ ಮಾಡಬಹುದಾದವು: ದೇವಾಲಯದ ಬಾಗಿಲಲ್ಲಿ ಕನ್ನಡ, ಕೊಂಕಣಿಯ ಜತೆ ಇಂಗ್ಲಿಷಿನಲ್ಲೂ ಬಲಿಪೂಜೆಯ ವೇಳೆ ಮತ್ತು ದೇವಾಲಯದ ನಾಲ್ಕು ಸಾಲಿನ ಚರಿತ್ರೆ. ಬಲಿಪೂಜೆಯ ಹೊತ್ತಿನಲ್ಲಿ ಫೋಟೊ ಬೇಡವೆಂದು ಸೌಜನ್ಯದ ಸೂಚನೆ. ಗೈಡ್ ಕೆಲಸ ಕಲಿಯಬಯಸುವ ಯುವಕ ಯುವತಿಯರಿಗೆ ಯುವಜನ ಆಯೋಗದ ಮೂಲಕ ತರಬೇತಿ. ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳಬಯಸುವ ಕುಟುಂಬಗಳಿಗೆ, ವಿಶೇಷವಾಗಿ ಸ್ತ್ರೀಯರ ಸ್ವಸಹಾಯ ಗುಂಪುಗಳಿಗೆ, ನೋಂದಣಿಯ ನಿಯಮಗಳನ್ನು ತಿಳಿಸಿಕೊಡುವುದು. ಘಟ್ಟದ ಮೇಲಿನ ಧರ್ಮಕೇಂದ್ರಗಳೂ ಇದನ್ನು ಮಾಡಬಹುದು.

ಕೊನೆಯ ತೀರ್ಪಿನ ಕುರಿತು ಯೇಸುಸ್ವಾಮಿ ಹೇಳಿದ ಮಾತು ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದಲ್ಲಿದೆ. ಅಲ್ಲಿ ಕೇಳಲಾಗುವ ಪ್ರಶ್ನೆಗಳಲ್ಲಿ ಪರಸ್ಥಳದವನನ್ನು ಬರಮಾಡಿಕೊಂಡೆವೋ ಇಲ್ಲವೋ ಎಂಬುದೂ ಒಂದು. ಎಷ್ಟು ಮಂದಿಯನ್ನು ಬರಮಾಡಿಕೊಂಡಿರಿ ಎಂಬ ಲೆಕ್ಕ ಅಲ್ಲಿಲ್ಲ. ಒಂದು ಕೋಟಿ ಎಂಬ ಅಂಕಿಯನ್ನು ಮತ್ತೆ ದಾಟುವುದು ಸರಕಾರದ ಗುರಿಯಾಗಿರಲಿ. ಆದರೆ ರಾತ್ರಿ ಒಂಟಿಯಾಗಿ ನಡೆಯುವ ಹೆಣ್ಣುಮಗಳು, ಅವಳು ಇಸ್ರೇಲಿನವಳಿರಲಿ, ಮಳವಳ್ಳಿಯವಳಿರಲಿ, ಹೆದರದೆ ಮನೆ ಸೇರುವ ಊರನ್ನು ಕಟ್ಟುವುದು ನಮ್ಮೆಲ್ಲರ ಹೊಣೆ. ಅಂಥ ಊರಿಗೆ ಜನ ಬರುತ್ತಾರೆ, ಬಂದವರು ತಂಗುತ್ತಾರೆ. ಆಗ ಪೂರಿಗಾಲಿಯಂಥ ಹಳ್ಳಿಗೂ ಈ ಲೆಕ್ಕದಲ್ಲಿ ಒಂದು ಪಾಲು ಸಿಗುತ್ತದೆ.